ಕಪ್ಪು ಮಿಠಾಯಿಗಳ ಲೆಕ್ಕ

ಚೀಟಿಯಲ್ಲಿ ಏಳುನೂರ ನಲವತ್ತಮೂರು ಎಂದು ಬರೆದು, ಲಕೋಟೆಯ ಅಂಟನ್ನು ನೆಕ್ಕಿ ಮುಚ್ಚಿದ ಕ್ಷಣದಿಂದ ಡೆಸ್ಮಂಡ್ ಪಾಸ್ಕೋನ ಮನಸ್ಸು ನೆಟ್ಟಗಿರಲಿಲ್ಲ. ಮೂವತ್ತೊಂದು ವರ್ಷ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಪಾಠ ಮಾಡಿದವನು ಐವತ್ತೆಂಟನೆಯ ವಯಸ್ಸಿನಲ್ಲಿ ಕೈಯಾರೆ ಒಂದು ಸುಳ್ಳು ದಾಖಲೆ ಸೃಷ್ಟಿಸಿದ್ದ. ಅದೂ ಎಂಥದ್ದು? ಗಾಜಿನ ಜಾಡಿಯಲ್ಲಿ ಎಷ್ಟು ಜೆಲ್ಲಿ ಮಿಠಾಯಿ ಇವೆ ಎಂಬ ದಾಖಲೆ. ವಿಲ್ಗಾ ಕ್ರೀಕ್ ಊರಿನಲ್ಲಿ ಶಾಲೆಯ ಸಂತೆಯಿರಲಿ, ಅಗ್ನಿಶಾಮಕ ದಳದ ಸಹಾಯಾರ್ಥ ಚಹಾಕೂಟವಿರಲಿ, ಒಂದು ಜಾಡಿ ಮಿಠಾಯಿ ಇಟ್ಟು, ಎಷ್ಟಿವೆ ಊಹಿಸಿ, ಸರಿ ಸಂಖ್ಯೆಗೆ ಹತ್ತಿರ ಬಂದವರಿಗೆ ಜಾಡಿಯೇ ಬಹುಮಾನ ಎಂದು ಬೋರ್ಡು ಹಾಕದೆ ಯಾರೂ ಏನನ್ನೂ ಶುರು ಮಾಡುವುದಿಲ್ಲ. ಜಾಡಿ ತುಂಬಿದವರು ಮೊದಲೇ ಎಣಿಸಿ ಲಕೋಟೆಯಲ್ಲಿ ಬರೆದಿಡಬೇಕು. ಆ ಎಣಿಕೆಯನ್ನು ಅನುಮಾನಿಸುವಂಥ ನೀಚರು ಊರಲ್ಲಿ ಇನ್ನೂ ಹುಟ್ಟಿಲ್ಲ. ಡೆಸ್ ಶುಕ್ರವಾರ ಸಂಜೆ, ತನ್ನ ವಿಭಾಗದ ಮಳಿಗೆಯ ಜಾಡಿಗೆಂದು, ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ದೊಡ್ಡ ಪೊಟ್ಟಣ ಸುರಿದುಕೊಂಡು ಎಣಿಸಲು ಕೂತಿದ್ದೂ ನಿಜ. ಇನ್ನೂರ ಹನ್ನೆರಡಕ್ಕೆ ಬಂದಾಗ ಫೋನು ಗುಂಯ್ಗುಟ್ಟಿತು. ಡೀನ್ ಬರೆದಿದ್ದರು: ಹೊಸ ವಿದ್ಯಾರ್ಥಿಗಳನ್ನು ಸೆಳೆಯುವ ಭಾನುವಾರದ ಓಪನ್ ಡೇಯಲ್ಲಿ ಇತಿಹಾಸದ ಆಸಕ್ತಿ ಪತ್ರಕ್ಕೆ ಇಪ್ಪತ್ತು ಹೆಸರು ಬೀಳದಿದ್ದರೆ ಮುಂದಿನ ವರ್ಷದಿಂದ ಆ ವಿಷಯಕ್ಕೆ ಹೊಸ ಪ್ರವೇಶ ಇರುವುದಿಲ್ಲ, ತಮ್ಮ ದೀರ್ಘ ಸೇವೆಗೆ ಮುಂಗಡವಾಗಿ ಕೃತಜ್ಞತೆಗಳು. ಮುಂಗಡವಾಗಿ ಎಂಬ ಮಾತನ್ನು ಡೆಸ್ ಮೂರು ಸಲ ಓದಿದ. ಓದಿ ಮುಗಿಯುವಷ್ಟರಲ್ಲಿ ಇನ್ನೂರ ಹನ್ನೆರಡು ಎಲ್ಲಿತ್ತೋ ಅಲ್ಲಿಂದ ಹಾರಿಹೋಗಿತ್ತು. ಮತ್ತೆ ಎಣಿಸುವ ಚೈತನ್ಯವಿಲ್ಲದೆ ಎಲ್ಲವನ್ನೂ ಜಾಡಿಗೆ ಬಾಚಿ, ಖಾಲಿ ಪೊಟ್ಟಣಗಳನ್ನು ಮಳಿಗೆಗೆ ಒಯ್ಯುವ ಪೆಟ್ಟಿಗೆಗೆ ತುರುಕಿದ. ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಕೂತು ಸಂಖ್ಯೆ ಹುಟ್ಟಿಸಿದ. ಏಳುನೂರು ಎಂದು ಬರೆಯಲಿಲ್ಲ. ದುಂಡು ಸಂಖ್ಯೆ ಕಂಡರೆ ಅನುಮಾನಿಸಿ, ನಲವತ್ತು ಸಾವಿರ ಶತ್ರುಗಳು ಸತ್ತರು ಎಂದು ಬರೆದವನು ಒಂದೇ ಒಂದು ಹೆಣವನ್ನೂ ಎಣಿಸಿರುವುದಿಲ್ಲ ಎಂದು ಮೊದಲ ವರ್ಷದವರಿಗೆ ತಾನೇ ಹೇಳಿಕೊಡುತ್ತಿದ್ದ. ಆದ್ದರಿಂದ ನಲವತ್ತಮೂರು. ಕಲಿತ ವಿದ್ಯೆ ಎಂದೂ ವ್ಯರ್ಥವಾಗುವುದಿಲ್ಲ ಎಂದು ಇತಿಹಾಸದ ಕರಪತ್ರದಲ್ಲಿ ಅಚ್ಚಾಗಿದ್ದುದನ್ನು ನೆನೆದು ಒಬ್ಬನೇ ನಕ್ಕ.

ಕರಪತ್ರ ನುಣುಪಾಗಿತ್ತು. ಇತಿಹಾಸ ಓದಿದವರು ಸೇರಬಹುದಾದ ಹದಿನೇಳು ಉದ್ಯೋಗಗಳ ಪಟ್ಟಿ ಅದರಲ್ಲಿತ್ತು. ಅವುಗಳಲ್ಲೊಂದು ವಸ್ತುಸಂಗ್ರಹಾಲಯದ ನಿರ್ದೇಶಕ ಹುದ್ದೆ. ವಿಲ್ಗಾ ಕ್ರೀಕ್‌ನ ವಸ್ತುಸಂಗ್ರಹಾಲಯ ಬುಧವಾರ ಮಾತ್ರ ತೆರೆಯುತ್ತದೆ, ಅದೂ ಬೀಗದಕೈ ಇಟ್ಟುಕೊಂಡ ಮುದುಕಿಗೆ ಮಂಡಿನೋವು ಇಲ್ಲದಿದ್ದರೆ. ಕರಪತ್ರಗಳು ಹಾರಿಹೋಗದಂತೆ ಡೆಸ್ ಅವುಗಳ ಮೇಲೆ ಮೂಗು ಮುರಿದ ಒಂದು ರೋಮನ್ ಪ್ರತಿಮೆಯ ಸುಣ್ಣದ ತಲೆಯನ್ನು ಇಟ್ಟಿದ್ದ. ಆಗಸ್ಟ್ ತಿಂಗಳ ಚಳಿಗಾಲದ ಗಾಳಿ ಕೋಟಿನ ಗುಂಡಿಗಳ ನಡುವಿನಿಂದ ನುಗ್ಗುತ್ತಿತ್ತು. ಎಡಕ್ಕೆ ನರ್ಸಿಂಗ್ ವಿಭಾಗದ ಮಳಿಗೆ. ಅಲ್ಲಿ ಮಂಚದ ಮೇಲೆ ಮಲಗಿಸಿದ ರಬ್ಬರ್ ರೋಗಿ ಗುಂಡಿ ಒತ್ತಿದಾಗಲೆಲ್ಲ ನರಳುತ್ತಿದ್ದ, ಜನ ಸಾಲುಗಟ್ಟಿ ಅವನನ್ನು ನರಳಿಸುತ್ತಿದ್ದರು. ಎದುರಿಗೆ ಎಂಜಿನಿಯರಿಂಗ್. ಅವರ ಬಳಿ ಕಬ್ಬಿಣದ ನಾಯಿಯೊಂದು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು, ಸಾಲದ್ದಕ್ಕೆ ಬ್ರೆಡ್ಡಿನಲ್ಲಿ ಸಾಸೇಜು, ಹುರಿದ ಈರುಳ್ಳಿ ಬಿಟ್ಟಿ. ಬಲಕ್ಕೆ ಶೌಚಾಲಯ. ಹನ್ನೊಂದು ಗಂಟೆಯ ಹೊತ್ತಿಗೆ ಇತಿಹಾಸದ ಮಳಿಗೆಗೆ ಎಪ್ಪತ್ತು ಎಂಬತ್ತು ಜನ ಬಂದಿದ್ದರು, ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಡೆಸ್ ಸೌಜನ್ಯದಿಂದ ಬಲಗೈ ಚಾಚುತ್ತಿದ್ದ. ಹಗುರಾಗಿ ಹೊರಗೆ ಬಂದವರು ಸಂಕೋಚಕ್ಕೆ ಒಂದು ಊಹೆಯ ಚೀಟಿ ತುಂಬಿ, ಹೆಸರು, ಫೋನ್ ನಂಬರು ಬರೆದು ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಚೀಟಿಗಳು ಅರವತ್ತೊಂದು. ಆಸಕ್ತಿ ಪತ್ರದಲ್ಲಿ ಹೆಸರುಗಳು ಐದು, ಅವುಗಳಲ್ಲೊಂದು ಯಾವನೋ ತುಂಟ ಬರೆದ ರೋಮನ್ ಚಕ್ರವರ್ತಿಯದು. ಆ ಹಾಳೆಯ ಮೇಲೆ ಕಣ್ಣು ಬಿದ್ದಾಗಲೆಲ್ಲ ಡೆಸ್ ಜಾಡಿಯನ್ನು ಮೆಲ್ಲಗೆ ಅಲುಗಾಡಿಸಿ, ಮೇಲೆ ಬಂದ ಒಂದು ಕಪ್ಪು ಮಿಠಾಯಿಯನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕಪ್ಪಿನವು ಸೋಂಪಿನ ರುಚಿ. ಉಳಿದ ಬಣ್ಣಗಳು ಅವನಿಗೆ ಸೇರುತ್ತಿರಲಿಲ್ಲ.

"ಡೆಸ್, ಹೇಗಿದೆ ವ್ಯಾಪಾರ?" ಕೆರಿನ್ ಮುನ್ರೋ ರಟ್ಟಿನ ಹಲಗೆ ಹಿಡಿದುಕೊಂಡು ಬಂದು ನಿಂತಿದ್ದಳು. ಪ್ರವೇಶ ವಿಭಾಗದ ಅಧಿಕಾರಿ, ಎಲ್ಲ ಮಳಿಗೆಗಳ ಹೆಸರುಗಳನ್ನೂ ಸಂಜೆ ನಾಲ್ಕಕ್ಕೆ ಒಟ್ಟು ಮಾಡಿ ಡೀನ್‌ಗೆ ಒಪ್ಪಿಸುವವಳು ಅವಳೇ. ಅವಳನ್ನು ಕಂಡರೆ ಡೆಸ್‌ಗೆ ಕಾಲರ್ ಬಿಗಿಯಾಗುತ್ತಿತ್ತು. ಹನ್ನೆರಡು ವರ್ಷಗಳ ಹಿಂದೆ ಇದೇ ಹುಡುಗಿ, ಆಗ ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದವಳು, ಅವನ ತರಗತಿಯ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದಳು. ಮನೆಯ ಹಿರಿಯರೊಬ್ಬರನ್ನು ಸಂದರ್ಶಿಸಿ ಬರೆಯಿರಿ ಎಂದು ಕೊಟ್ಟ ಕೆಲಸಕ್ಕೆ ಅವಳು ಅಜ್ಜಿಯ ಸಂದರ್ಶನ ತಂದಳು. ಏಳು ವರ್ಷದವಳಿದ್ದಾಗ ಇಂಗ್ಲೆಂಡಿನಿಂದ ಹಡಗಿನಲ್ಲಿ ತುಂಬಿ ಕಳಿಸಿದ ಅನಾಥ ಮಕ್ಕಳಲ್ಲಿ ಒಬ್ಬಳಂತೆ ಆ ಅಜ್ಜಿ. ಇಲ್ಲಿಯ ಮಕ್ಕಳ ಆಶ್ರಮದಲ್ಲಿ ಬೆಳೆದವಳು. ಹತ್ತು ಪುಟ, ಚೆಂದದ ಭಾಷೆ. ಆರನೆಯ ಪುಟದಲ್ಲಿ ಅಜ್ಜಿ 1953ರಲ್ಲಿ ಸಂಜೆ ಹೊತ್ತು ಉಳಿದ ಮಕ್ಕಳ ಜೊತೆ ಕಂಬಳಿ ಹೊದ್ದು ಟಿವಿ ನೋಡಿದ್ದಳು. ದೇಶಕ್ಕೇ ಟಿವಿ ಬಂದದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ. ಕಳ್ಳನನ್ನು ಹಿಡಿದ ಪೊಲೀಸಿನವನಂತೆ ಡೆಸ್ ಬೀಗಿದ. ಕರೆಸಿ ಕೇಳಿದ. ಹುಡುಗಿ, ಹೌದು, ಕಟ್ಟಿ ಬರೆದೆ ಎಂದಳು. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದ. ಆ ವರ್ಷವೇ ಅವಳು ಓದು ಬಿಟ್ಟಳು. ಸೊನ್ನೆ ಹಾಕಿದ್ದಕ್ಕೆ ಡೆಸ್‌ಗೆ ಪಶ್ಚಾತ್ತಾಪವೇನೂ ಇರಲಿಲ್ಲ. ಕುಟುಕುತ್ತಿದ್ದುದು ಬೇರೆ. ಆಮೇಲೆ ಪ್ರತಿ ವರ್ಷ, ಮಾರ್ಚ್ ತಿಂಗಳ ಎರಡನೆಯ ವಾರ, ತರಗತಿ ತೂಕಡಿಸತೊಡಗಿದಾಗ, ಹೆಸರು ಹೇಳದೆ ಆ ಟಿವಿ ಅಜ್ಜಿಯ ಕಥೆ ಹೇಳುತ್ತಿದ್ದ. ತರಗತಿ ಬಿದ್ದು ಬಿದ್ದು ನಗುತ್ತಿತ್ತು.

"ಪರವಾಗಿಲ್ಲ, ಜನ ಬರ್ತಿದಾರೆ," ಎಂದ ಡೆಸ್.

"ಬರ್ತಾ ಅಲ್ಲ, ಹೋಗ್ತಾ ಇದಾರೆ," ಎಂದು ಕೆರಿನ್ ಶೌಚಾಲಯದ ಕಡೆ ಗಲ್ಲ ಎತ್ತಿ ತೋರಿಸಿದಳು. ಆಸಕ್ತಿ ಪತ್ರದ ಮೇಲೆ ಕಣ್ಣಾಡಿಸಿದಳು. "ನಾಲ್ಕು. ಚಕ್ರವರ್ತಿಗಳ ಫೋನ್ ನಂಬರ್ ಇಲ್ವಲ್ಲ, ಅವರನ್ನ ಸೇರಿಸೋಕಾಗಲ್ಲ." ಆಮೇಲೆ ಚೀಟಿಗಳ ಡಬ್ಬಿಯನ್ನು ಬೆರಳಿನಿಂದ ಟಕ್ ಎಂದು ತಟ್ಟಿದಳು. "ಇದರಲ್ಲಿ ಹೆಸರೂ ಇದೆ, ನಂಬರೂ ಇದೆ. ಆಸಕ್ತಿ ಅನ್ನೋದು ಎಷ್ಟೋ ಥರ ಇರತ್ತೆ ಡೆಸ್. ಅದನ್ನೆಲ್ಲ ಯಾರೂ ಫೋನ್ ಮಾಡಿ ಕೇಳಲ್ಲ. ನಾನು ನಾಲ್ಕು ಗಂಟೆಗೆ ಬರ್ತೀನಿ." ಹೇಳಿ, ನಕ್ಕೋ ನಗದೆಯೋ, ಹೊರಟುಹೋದಳು. ಅದು ಕರುಣೆಯೋ ಬಲೆಯೋ ಡೆಸ್‌ಗೆ ತಿಳಿಯಲಿಲ್ಲ. ಹನ್ನೆರಡು ವರ್ಷ ಕಾದು ಕೂತವಳು ಅವನ ಕೈಯಲ್ಲೇ ಅವನ ಸೊನ್ನೆ ಬರೆಸಲು ಹೊರಟಿದ್ದರೆ? ಎರಡು ಕಪ್ಪು ಮಿಠಾಯಿಗಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡ.

"ಇಲ್ಲಿ ಏನ್ ಮಾರ್ತಿದೀರಿ ಗುರುಗಳೇ?" ದಪ್ಪ ಧ್ವನಿಗೆ ಡೆಸ್ ಬೆಚ್ಚಿದ. ಅಗಲ ಅಂಚಿನ ಟೋಪಿಯ ರೈತನೊಬ್ಬ ಸಾಸೇಜು ಹಿಡಿದು ನಿಂತಿದ್ದ. ಜೊತೆಗೆ ಹದಿನೇಳರ ಮಗಳು. ರಸ್ ಗಾರ್ಡಿನರ್ ಅಂತ, ಕುರಿ ಸಾಕಣೆ, ಮಗಳು ಪಿಪ್ಪಾ ನರ್ಸಿಂಗ್ ಸೇರೋಕೆ ಬಂದಿದಾಳೆ ಎಂದು ಅವನೇ ಹೇಳಿಕೊಂಡ. ಹುಡುಗಿ ಬಗ್ಗಿ ಜಾಡಿಯ ಗಾಜಿಗೆ ಮೂಗು ಒತ್ತಿ ಒಂದು ಸುತ್ತು ನೋಡಿದಳು, ಮೇಜಿನ ಕೆಳಗೂ ನೋಡಿದಳು, ಚೀಟಿ ತುಂಬದೆ ಸುಮ್ಮನೆ ನಿಂತಳು.

"ಇತಿಹಾಸ," ಎಂದ ಡೆಸ್.

"ಅಯ್ಯೋ, ಅದನ್ನ ಮಾರೋದು ಬೇರೆ ಇದೆಯಾ? ನಮ್ಮಪ್ಪ ಸುಮ್ನೆ ಕೊಡ್ತಿದ್ದ, ಬೇಡ ಅಂದ್ರೂ ಕೇಳ್ತಿರಲಿಲ್ಲ." ರಸ್ ತನ್ನ ಮಾತಿಗೆ ತಾನೇ ನಕ್ಕ. "ತಪ್ಪು ತಿಳ್ಕೋಬೇಡಿ, ಕೇಳ್ತೀನಿ. ಇದನ್ನ ಓದಿದವರು ಏನಾಗ್ತಾರೆ?"

ಈ ಪ್ರಶ್ನೆಯನ್ನು ಡೆಸ್‌ಗೆ ಮೊದಲು ಕೇಳಿದವನು ಅವನ ಅಪ್ಪ, ರೈಲ್ವೆ ಯಾರ್ಡಿನಲ್ಲಿ, ಕೈಯ ಗ್ರೀಸನ್ನು ಹಳೆಯ ಬನಿಯನ್ನಿನಲ್ಲಿ ಒರೆಸಿಕೊಳ್ಳುತ್ತಾ. ಆಗ ಡೆಸ್ ಏನೋ ದೊಡ್ಡ ಮಾತು ಹೇಳಿದ್ದ, ಸತ್ಯ, ನಾಗರಿಕತೆ ಎಂದೇನೋ. ಅಪ್ಪ ಪೂರ್ತಿ ಕೇಳಿ, ಸರಿ, ಆದರೆ ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡ್ತೀಯ ಎಂದಿದ್ದ. ಆ ಸೋಮವಾರಕ್ಕೆ ಉತ್ತರ ಹುಡುಕುತ್ತಲೇ ಒಂದೂವರೆ ಸಾವಿರ ಸೋಮವಾರ ಕಳೆದಿದ್ದವು. ಈಗ ಬಾಯಿ ತೆರೆದರೆ ಬಂದದ್ದು ಕರಪತ್ರ: "ವಿಮರ್ಶಾತ್ಮಕ ಚಿಂತನೆ, ಸಂವಹನ ಕೌಶಲ, ಎಲ್ಲ ಕ್ಷೇತ್ರಗಳಲ್ಲೂ..." ಹೇಳುತ್ತ ಹೇಳುತ್ತ ತನ್ನ ಮಾತಿಗೆ ತನ್ನ ಕಿವಿಯೇ ಬಿಸಿಯಾಯಿತು. ಪಕ್ಕದಲ್ಲಿ ರಬ್ಬರ್ ರೋಗಿ ಸರಿಯಾಗಿ ಆಗಲೇ ನರಳಿದ.

"ಅವನಿಗೂ ಅರ್ಥ ಆಯ್ತು ನೋಡಿ," ಎಂದ ರಸ್. ಮಗಳನ್ನು ಕರೆದುಕೊಂಡು ಅತ್ತ ಹೋದ.

ಎರಡು ಗಂಟೆಗೆ ಗಾಳಿ ಜೋರಾಯಿತು, ಜನ ವಿರಳವಾದರು. ಡೆಸ್ ಚೀಟಿಗಳ ಡಬ್ಬಿ ಬಿಚ್ಚಿದ. ಸುಮ್ಮನೆ ನೋಡೋಣ ಎಂದೇ ಬಿಚ್ಚಿದ್ದು. ಲೋರ್ನಾ ಟ್ವಿಗ್, 815, ಅಂಕಿಗಳು ಶಾಲೆಯ ಮೇಷ್ಟರು ತಿದ್ದಿಸಿದ ಹಾಗೆ ದುಂಡಗೆ. ಇತಿಹಾಸದಲ್ಲಿ ಆಕೆಗೆ ಆಸಕ್ತಿ ಇರಲಿಕ್ಕಿಲ್ಲ ಎಂದು ಯಾರು ಹೇಳಬಲ್ಲರು? ಆಕೆ ಶೌಚಾಲಯದ ಬಾಗಿಲಲ್ಲಿ ಕ್ಷಣಕಾಲ ನಿಂತು ಸುಣ್ಣದ ತಲೆಯನ್ನು ನೋಡಿ, ಪಾಪ, ಮೂಗು ಎಂದಿದ್ದಳು. ಅದು ಆಸಕ್ತಿಯಲ್ಲದೆ ಇನ್ನೇನು? ಆಸಕ್ತಿ ಪತ್ರದಲ್ಲಿ ಲೋರ್ನಾ ಟ್ವಿಗ್ ಎಂದು ಬರೆದ. ಎರಡನೆಯ ಹೆಸರಿಗೆ ಅಕ್ಷರವನ್ನು ಸ್ವಲ್ಪ ಎಡಕ್ಕೆ ವಾಲಿಸಿದ. ಮೂರನೆಯದಕ್ಕೆ ಪೆನ್ನು ಬದಲಿಸಿದ. ನಾಲ್ಕನೆಯದನ್ನು ಎಡಗೈಯಲ್ಲಿ ಬರೆದು ನೋಡಿದಾಗ ಅದು ಎಷ್ಟು ಸಹಜವಾಗಿ ಬಂತೆಂದರೆ ಅವನಿಗೆ ಖುಷಿಯೇ ಆಯಿತು. ಹಳೆಯ ಮಠಗಳಲ್ಲಿ ಕೂತು ಇಲ್ಲದ ದಾನಪತ್ರಗಳನ್ನು ಸೃಷ್ಟಿಸುತ್ತಿದ್ದ ಸನ್ಯಾಸಿಗಳ ಬಗ್ಗೆ ಎರಡು ಗಂಟೆ ಪಾಠ ಮಾಡುತ್ತಿದ್ದ, ಅವರ ಮುಖದಲ್ಲಿ ಏನಿತ್ತು ಎಂಬುದು ಈವರೆಗೆ ಹೊಳೆದಿರಲಿಲ್ಲ. ಈಗ ಗೊತ್ತಾಯಿತು, ಅವರು ಸೀಟಿ ಹಾಕುತ್ತಿದ್ದರು. ಏಳು ಹೆಸರಾದ ಮೇಲೆ ತಾನೂ ಸೀಟಿ ಹಾಕುತ್ತಿರುವುದು ಕಿವಿಗೆ ಬಿದ್ದು ನಿಲ್ಲಿಸಿದ. ಸುಣ್ಣದ ರೋಮನ್ ಮೂಗಿಲ್ಲದ ಮುಖದಿಂದ ಅವನನ್ನೇ ದಿಟ್ಟಿಸುತ್ತಿದ್ದ. ಡೆಸ್ ಅದನ್ನು ಆಚೆ ತಿರುಗಿಸಿದ.

ಮೂರು ಗಂಟೆಗೆ ಬಹುಮಾನ ಘೋಷಣೆ. ಮಿಠಾಯಿಯ ವಿಷಯವಾದ್ದರಿಂದ ಇಪ್ಪತ್ತು ಜನ ಸೇರಿದರು. ರಸ್, ಪಿಪ್ಪಾ, ಲೋರ್ನಾ ಟ್ವಿಗ್, ರಬ್ಬರ್ ರೋಗಿಯನ್ನು ಒಬ್ಬನೇ ಬಿಟ್ಟು ಬಂದ ನರ್ಸಿಂಗ್ ಉಪನ್ಯಾಸಕಿ ಮೇವಿಸ್. ಡೆಸ್ ಲಕೋಟೆ ಹರಿದು ಏಳುನೂರ ನಲವತ್ತಮೂರು ಎಂದು ಓದಿದ.

"ಯಾರು ಎಣಿಸಿದ್ದು?" ಎಂದಳು ಪಿಪ್ಪಾ. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು.

"ನಾನೇ."

"ಯಾವಾಗ?"

"ಪಿಪ್," ಎಂದ ರಸ್, ಮುಜುಗರದಿಂದ. "ಲಕೋಟೆ ಅಂದ್ರೆ ಲಕೋಟೆ ಕಣಮ್ಮ. ಕೇಳಬಾರದು."

"ಇಲ್ಲಪ್ಪ. ಬೆಳಿಗ್ಗೆ ನಾನು ನೋಡಿದಾಗ ಗಾಜಿಗೆ ಅಂಟಿಕೊಂಡು ಕಪ್ಪು ಮಿಠಾಯಿಗಳಿದ್ವು. ಒಂದು ಕಡೆಯಿಂದಲೇ ಒಂಬತ್ತು ಕಾಣ್ತಿದ್ವು. ಮೇಜಿನ ಕೆಳಗೆ ಖಾಲಿ ಪೊಟ್ಟಣಗಳಿವೆ, ಅದರ ಮೇಲಿನ ಚಿತ್ರದಲ್ಲೂ ಕಪ್ಪು ಇದೆ. ಈಗ ಜಾಡೀಲಿ ನೋಡಿ, ಕಪ್ಪೇ ಇಲ್ಲ. ಏನಿದೆ ಅಂತ ಎಲ್ಲರೂ ನೋಡ್ತಿದೀರ. ಏನಿಲ್ಲ ಅಂತ ನೋಡಿ." ಹುಡುಗಿ ಸ್ವಲ್ಪ ಕೆಂಪಾದಳು. "ಮತ್ತೆ, ಸಾರ್, ಬೇಜಾರು ಮಾಡ್ಕೋಬೇಡಿ, ನಿಮ್ಮ ನಾಲಗೆ ತೋರಿಸ್ತೀರಾ?"

ಇಪ್ಪತ್ತು ಜನರ ಎದುರು, ಮೂವತ್ತೊಂದು ವರ್ಷದ ಸೇವೆಯ ಡಾಕ್ಟರ್ ಡೆಸ್ಮಂಡ್ ಪಾಸ್ಕೋ ನಾಲಗೆ ಹೊರಚಾಚಿದ. ಅದು ಬೂಟಿನ ಪಾಲಿಷ್ ನೆಕ್ಕಿದ ಹಾಗಿತ್ತು.

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಅವಮಾನಕ್ಕೆ ಕುಗ್ಗಿಹೋಗಬೇಕಿತ್ತು. ಆದರೆ ಡೆಸ್‌ನ ಎದೆಯಲ್ಲಿ ಎದ್ದದ್ದು ಅದಲ್ಲ, ಹಿಗ್ಗು. ಏನಿಲ್ಲ ಅಂತ ನೋಡಿ! ಈ ಒಂದು ಮಾತನ್ನು ಮೂರನೆಯ ವರ್ಷದವರ ತಲೆಗೆ ಇಳಿಸಲು ಅವನಿಗೆ ಇಡೀ ವರ್ಷ ಹಿಡಿಯುತ್ತಿತ್ತು, ಎಷ್ಟೋ ಸಲ ಇಳಿಯುತ್ತಲೂ ಇರಲಿಲ್ಲ. ಕುರಿ ಸಾಕಣೆಯವನ ಮಗಳು ಜಾಡಿಗೆ ಮೂಗು ಒತ್ತಿ ಕಂಡುಕೊಂಡಿದ್ದಳು. ಅವಳನ್ನು ಅಪ್ಪಿಕೊಳ್ಳಬೇಕು ಎನಿಸಿತು. ಅಪ್ಪಿಕೊಳ್ಳಲಾರದೆ ನಿಜ ಹೇಳಿದ. "ನಾನು ಎಣಿಸಲೇ ಇಲ್ಲ. ಇನ್ನೂರ ಹನ್ನೆರಡರವರೆಗೆ ಎಣಿಸಿದ್ದೆ, ಅಷ್ಟೆ. ಏಳುನೂರ ನಲವತ್ತಮೂರು ಅನ್ನೋದು ಶುದ್ಧ ಸುಳ್ಳು. ಕಪ್ಪಿನವೆಲ್ಲ ನನ್ನ ಹೊಟ್ಟೇಲಿವೆ."

ವಿಲ್ಗಾ ಕ್ರೀಕ್‌ನಲ್ಲಿ ಲಕೋಟೆಯ ಸಂಖ್ಯೆ ಸುಳ್ಳಾದದ್ದು ಇದೇ ಮೊದಲು. "ನಮ್ಮೂರ ಬ್ಯಾಂಕು ಮುಳುಗಿದಾಗಲೂ ನಂಗೆ ಇಷ್ಟು ಆಘಾತ ಆಗಿರಲಿಲ್ಲ," ಎಂದಳು ಲೋರ್ನಾ.

"ಹಾಗಾದ್ರೆ ಎಣಿಸೋಣ," ಎಂದು ರಸ್ ಟೋಪಿ ತೆಗೆದು ಪಕ್ಕಕ್ಕಿಟ್ಟ. ಜಾಡಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಬಣ್ಣದ ರಾಶಿಯಿಂದ ಎರಡು ಬೆರಳಿನಲ್ಲಿ ಮೂರು ಮೂರನ್ನೇ ಸರಿಸತೊಡಗಿದ, ದೊಡ್ಡಿಯ ಬಾಗಿಲಲ್ಲಿ ನಿಂತು ಕುರಿ ಎಣಿಸುವವರ ಹಾಗೆ, ತುಟಿ ಅಲುಗದೆ, ಕಣ್ಣು ರೆಪ್ಪೆ ಬಡಿಯದೆ. ನೂರಾದಾಗಲೆಲ್ಲ "ಗೆರೆ!" ಎನ್ನುತ್ತಿದ್ದ, ಮೇವಿಸ್ ಕರಪತ್ರದ ಹಿಂದೆ ಒಂದು ಗೆರೆ ಎಳೆಯುತ್ತಿದ್ದಳು. ಪಿಪ್ಪಾ ಅಪ್ಪ ಎಣಿಸಿದ್ದನ್ನು ಬಣ್ಣ ಬಣ್ಣವಾಗಿ ವಿಂಗಡಿಸಿದಳು. ಜನ ಸೇರುತ್ತಲೇ ಹೋದರು. ಕಬ್ಬಿಣದ ನಾಯಿಯನ್ನು ನಡೆಸುತ್ತಿದ್ದ ಹುಡುಗರೂ ಬಂದರು. ಆರು ಬಣ್ಣ, ಒಟ್ಟು ಆರುನೂರ ತೊಂಬತ್ತೆಂಟು. ಜೊತೆಗೆ ತಳದಲ್ಲಿ ಅಂಟಿಕೊಂಡು ಉಳಿದಿದ್ದ ಒಂದೇ ಒಂದು ಕಪ್ಪು.

"ಒಂದೊಂದು ಬಣ್ಣ ನೂರ ಹದಿನಾರರ ಆಚೆ ಈಚೆ ಇದೆ," ಎಂದಳು ಪಿಪ್ಪಾ. "ಅಂದ್ರೆ ಕಪ್ಪೂ ಅಷ್ಟೇ ಇದ್ದಿರಬೇಕು. ಮೊದಲು ಇದ್ದದ್ದು ಎಂಟುನೂರ ಹದಿನಾಲ್ಕು, ಹೆಚ್ಚು ಕಮ್ಮಿ."

ಎಲ್ಲರೂ ಡೆಸ್‌ನ ಹೊಟ್ಟೆ ನೋಡಿದರು. "ನೂರ ಹದಿನೈದಾ! ಕೈ ಕೊಡಿ ಇಲ್ಲಿ," ಎಂದು ಮೇವಿಸ್ ಅವನ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು. ಯಂತ್ರದ ಮೇಲಿನ ಅಂಕಿ ಕಂಡು ಹುಬ್ಬೇರಿಸಿದಳೇ ಹೊರತು ಗಟ್ಟಿಯಾಗಿ ಓದಲಿಲ್ಲ.

"ಹಾಗಾದ್ರೆ ನಾನೇ ಗೆದ್ದೆ. ಎಂಟುನೂರ ಹದಿನೈದು," ಎಂದಳು ಲೋರ್ನಾ.

"ಅದ್ಹೇಗೆ?" ಎಂದ ನಾಯಿಯ ಹುಡುಗ. "ಈಗ ಇರೋದು ಆರುನೂರ ತೊಂಬತ್ತೊಂಬತ್ತು. ನಾನು ಏಳುನೂರು ಬರೆದಿದೀನಿ."

"ನಾನು ಬರೆದಾಗ ಎಲ್ಲ ಇದ್ವಪ್ಪ! ಬೆಳಿಗ್ಗೆ ಒಂಬತ್ತೂವರೆ. ಇವರಿಗೆ ಹೊಟ್ಟೆಬಾಕತನ ಇದ್ರೆ ಅದು ನನ್ನ ತಪ್ಪಾ?"

"ಅಂದ್ರೆ ಒಬ್ಬೊಬ್ಬರಿಗೂ ಒಂದೊಂದು ಸತ್ಯನಾ ಅಜ್ಜಿ?"

"ಸತ್ಯ ಒಂದೇ ಕಣಯ್ಯ, ಜಾಡಿ ಬೇರೆ ಬೇರೆ," ಎಂದ ರಸ್. ಹೇಳಿ, ತಾನೇ ಹೇಳಿದ್ದು ಹೌದೇ ಎಂಬಂತೆ ಸುತ್ತ ನೋಡಿದ. "ಕಸಾಯಿಖಾನೆಗೆ ಹೋದ ಕುರಿ ಮಂದೇಲಿ ಇರಲಿಲ್ಲ ಅನ್ನೋಕಾಗತ್ತಾ?"

"ಚೀಟಿ ಮೇಲೆ ಹೊತ್ತು ಬರೆದಿಲ್ಲವಲ್ಲ?" ಎಂದ ಆ ಹುಡುಗ.

"ಕ್ರಮಸಂಖ್ಯೆ ಇದೆ," ಎಂದಳು ಪಿಪ್ಪಾ. "ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗತ್ತೆ. ಸಾರ್, ನೀವು ಗಂಟೆಗೆ ಎಷ್ಟು ತಿಂದ್ರಿ? ಬೇಜಾರಾದಾಗ ಜಾಸ್ತಿ ತಿಂದಿರ್ತೀರಿ ಅಲ್ವಾ? ಯಾವಾಗ ಬೇಜಾರಾಯ್ತು?"

ಯಾವಾಗ ಬೇಜಾರಾಯ್ತು! ಆಕರವನ್ನು ಹೀಗೆ ಕೇಳಬೇಕು. ಡೆಸ್ ಆಕರವಾಗಿ ನಿಂತು ಗಂಟೆಗಂಟೆಯ ತನ್ನ ದುಃಖವನ್ನು ವರದಿ ಮಾಡಿದ, ಪಿಪ್ಪಾ ಬರೆದುಕೊಂಡಳು. ಲೋರ್ನಾ ಅಡ್ಡಪ್ರಶ್ನೆ ಹಾಕಿದಳು, ರಸ್ ಅವನ ಪರವಾಗಿ ವಾದಿಸಿದ. ನಲವತ್ತು ನಿಮಿಷ ಅಲ್ಲಿ ನಡೆದದ್ದು ತರಗತಿ, ಅವನ ಬದುಕಿನಲ್ಲೇ ಅತಿ ಗದ್ದಲದ, ಅತಿ ಒಳ್ಳೆಯ ತರಗತಿ, ಮತ್ತು ಅದು ತರಗತಿ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು, ನೋಡು, ಸೋಮವಾರ ಇದನ್ನು ಮಾಡುತ್ತೇನೆ ಎಂದು. ಕೊನೆಗೆ ಜಾಡಿಯನ್ನು ಲೋರ್ನಾಗೂ ನಾಯಿಯ ಹುಡುಗನಿಗೂ ಸಮಪಾಲು ಎಂದು ತೀರ್ಮಾನವಾಯಿತು. ಅವರಿಬ್ಬರೂ ಎಲ್ಲರಿಗೂ ಹಂಚಿದರು. ಆ ಒಂದು ಕಪ್ಪನ್ನು ಪಿಪ್ಪಾ ಡೆಸ್‌ನ ಮುಂದಿಟ್ಟು, "ಇದನ್ನಾದ್ರೂ ಇಟ್ಕೊಳ್ಳಿ ಸಾರ್, ಸಾಕ್ಷಿ," ಎಂದಳು. "ನರ್ಸಿಂಗ್ ಓದ್ತಾ ನಿಮ್ಮ ಕ್ಲಾಸಿಗೂ ಬರಬಹುದಾ?"

"ಕ್ಲಾಸು ಇದ್ರೆ ಬರಬಹುದು," ಎಂದ ಡೆಸ್. ಜನ ಬಾಯಿ ಚಪ್ಪರಿಸುತ್ತ ಚದುರಿದ ಮೇಲೆಯೇ ಅವನಿಗೆ ನೆನಪಾದದ್ದು, ಒಬ್ಬರಿಗೂ ಆಸಕ್ತಿ ಪತ್ರ ಚಾಚಲಿಲ್ಲ ಎಂದು.

ಕೆರಿನ್ ಬಂದಾಗ ಅವನು ಏಳು ಹೆಸರುಗಳ ಮೇಲೆ ಒಂದೊಂದಾಗಿ ಗೆರೆ ಎಳೆಯುತ್ತಿದ್ದ. ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. "ಇದು ಎಡಗೈಲಿ ಬರೆದದ್ದಲ್ವಾ? ಚೆನ್ನಾಗಿ ಬಂದಿದೆ. ಯಾಕೆ ಹೊಡೆದು ಹಾಕಿದ್ರಿ?"

"ನಿನಗೆ ಸೊನ್ನೆ ಹಾಕಿದವನು ನಾನು."

ಕೆರಿನ್ ಖಾಲಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತಳು. "ಟಿವಿ ನೋಡಿದ ಅಜ್ಜಿ," ಎಂದಳು. "ಪ್ರತಿ ವರ್ಷ ಹೇಳ್ತೀರಂತೆ. ನನ್ನ ತಮ್ಮನೂ ನಿಮ್ಮ ಕ್ಲಾಸಲ್ಲಿದ್ದ ಡೆಸ್. ಎಲ್ಲರ ಜೊತೆ ಅವನೂ ನಕ್ಕನಂತೆ. ಮನೆಗೆ ಬಂದು ಅತ್ತ."

ಡೆಸ್‌ಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಲಗೆ ತೋರಿಸಿದಾಗ ಆಗದ ಅವಮಾನ ಈಗ ಆಯಿತು. "ತಪ್ಪಾಯ್ತು," ಎಂದ. "ಸೊನ್ನೆ ಹಾಕಿದ್ದು ಸರಿ. ಆದ್ರೆ ಯಾಕೆ ಕಟ್ಟಿ ಬರೆದೆ ಅಂತ ನಾನು ಕೇಳಬೇಕಿತ್ತು. ಸುಳ್ಳು ದಾಖಲೆ ಸಿಕ್ಕಿದ್ರೆ ಮೊದಲು ಕೇಳೋ ಪ್ರಶ್ನೆನೇ ಅದು. ಸಾವಿರ ವರ್ಷದ ಹಿಂದಿನ ಸನ್ಯಾಸಿಗಳನ್ನ ಕೇಳ್ತೀನಿ. ನಿನ್ನನ್ನ ಕೇಳಲಿಲ್ಲ."

"ಅಜ್ಜಿ ಮಾತಾಡಲಿಲ್ಲ," ಎಂದಳು ಕೆರಿನ್. "ಟೇಪ್ ರೆಕಾರ್ಡರ್ ಇಟ್ಟುಕೊಂಡು ನಲವತ್ತು ನಿಮಿಷ ಕೂತಿದ್ದೆ. ಹಡಗಿನ ಬಗ್ಗೆ ಹೇಳಿದ್ಲು. ಆಶ್ರಮ ಅಂದ ತಕ್ಷಣ ಎದ್ದು ಹೋಗಿ ಟೀಗೆ ನೀರಿಡೋಳು. ಇನ್ನೊಂದು ಬಿಸ್ಕತ್ತು ತಗೋ ಮಗಳೇ ಅನ್ನೋಳು. ಮತ್ತೆ ಕೇಳಿದ್ರೆ ಮತ್ತೆ ನೀರಿಡೋಳು. ನಂಗೆ ಇಪ್ಪತ್ತು ವರ್ಷ ಆಗ. ಏನೂ ಹೇಳದೇ ಇದ್ದದ್ದನ್ನ ಹೇಗೆ ಬರೆಯೋದು? ಅವಳಿಗೆ ಒಂದು ಒಳ್ಳೆ ಸಂಜೆ ಇರಲಿ ಅನ್ನಿಸ್ತು. ಒಂದು ಕಂಬಳಿ, ಒಂದು ಟಿವಿ." ಮೂಗು ಎಳೆದುಕೊಂಡು ನಕ್ಕಳು. "ಇಸವಿ ನೋಡಬೇಕಿತ್ತು."

ಪಕ್ಕದ ಮಳಿಗೆಯಲ್ಲಿ ರಬ್ಬರ್ ರೋಗಿಯನ್ನು ಕಾಲು ಮಡಿಸಿ ಚೀಲಕ್ಕೆ ತುಂಬುತ್ತಿದ್ದರು, ಅವನು ಕೊನೆಯ ಸಲ ನರಳಿದ. ಕೆರಿನ್ ಆಸಕ್ತಿ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಚಕ್ರವರ್ತಿಯ ಹೆಸರಿನ ಮೇಲೂ ಗೆರೆ ಎಳೆದಳು. ಕೆಳಗೆ ತನ್ನ ಹೆಸರು ಬರೆದಳು, ಫೋನ್ ನಂಬರು ಬರೆದಳು.

"ಐದು," ಎಂದ ಡೆಸ್. "ಹದಿನೈದು ಕಮ್ಮಿ. ಬೇಡ ಕೆರಿನ್, ಕರುಣೆಗೆಲ್ಲ..."

"ಕರುಣೆ ಯಾರಿಗೆ ಬೇಕು? ನನ್ನ ಡಿಗ್ರಿಗೆ ನಾಲ್ಕು ಪೇಪರ್ ಬಾಕಿ ಇದೆ. ನಾಳೆ ಮತ್ತೆ ಹೆಸರು ನೋಂದಾಯಿಸ್ತೀನಿ, ಹಳೇ ವಿದ್ಯಾರ್ಥಿಯಾಗಿ. ಹೊಸ ಪ್ರವೇಶ ನಿಲ್ಲಿಸಬಹುದು ಡೆಸ್, ಆದ್ರೆ ಹೆಸರು ನೋಂದಾಯಿಸಿದ ಕೊನೇ ವಿದ್ಯಾರ್ಥಿ ಮುಗಿಸೋವರೆಗೆ ಪಾಠ ನಿಲ್ಲಿಸೋ ಹಾಗಿಲ್ಲ. ನಿಯಮ. ಅದನ್ನ ಟೈಪ್ ಮಾಡಿದವಳೇ ನಾನು. ಪಾಠ ನಡೀತಿದ್ರೆ ಆ ಕುರಿಯವರ ಹುಡುಗಿನೂ ಬಂದು ಕೂರಬಹುದು, ಯಾರು ಬೇಕಾದ್ರೂ ಕೂರಬಹುದು. ನಂಗೆ ಕೆಲಸ ಇದೆ, ವರ್ಷಕ್ಕೆ ಒಂದೇ ಪೇಪರ್ ಆಗೋದು." ಬೆರಳು ಮಡಿಸಿ ಎಣಿಸಿದಳು. "ನಾಲ್ಕು ವರ್ಷ. ನೀವು ಮತ್ತೆ ಫೇಲ್ ಮಾಡಿದ್ರೆ ಐದು."

ಡೆಸ್ ನಕ್ಕ. ನಗುತ್ತ ನಗುತ್ತ ಕಣ್ಣು ಮಂಜಾಯಿತು. ಕೋಟಿನ ತೋಳಿನಲ್ಲಿ ಒರೆಸಿಕೊಂಡು, ಮೇಜಿನ ಮೇಲಿನ ಒಂಟಿ ಕಪ್ಪು ಮಿಠಾಯಿಯನ್ನು ಬೆರಳ ತುದಿಯಲ್ಲಿ ಉರುಳಿಸಿದ. ತಿನ್ನಲಿಲ್ಲ.

"ಆ ಟೇಪು ಇದೆಯಾ ಇನ್ನೂ?"

"ಎಲ್ಲೋ ಇದೆ. ಅಜ್ಜಿ ಹೋಗಿ ಮೂರು ವರ್ಷ ಆಯ್ತು, ಎಸೆಯೋಕೆ ಮನಸ್ಸಾಗಲಿಲ್ಲ. ಯಾಕೆ?"

"ನಾಳೆ ಸೋಮವಾರ. ಬೆಳಿಗ್ಗೆ ತಗೊಂಡು ಬಾ. ಕೂತು ಕೇಳೋಣ, ಅದೇ ನಿನ್ನ ಮೊದಲ ಪೇಪರ್."

"ಅದರಲ್ಲಿ ಏನೂ ಇಲ್ಲ ಡೆಸ್. ಹೇಳಿದ್ನಲ್ಲ."

"ಎಷ್ಟು ಸಲ ಟೀ ಮಾಡಿದ್ಲು?" ಎಂದು ಕೇಳಿದ ಡೆಸ್.

ಕೆರಿನ್ ಅವನ ಮುಖ ನೋಡಿದಳು. ಗಾಳಿಗೆ ಹಾರುತ್ತಿದ್ದ ಹಾಳೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು.

"ಮೂರು ಸಲ," ಎಂದಳು.

"ಬರ್ಕೋ," ಎಂದ.